ಸಿಪ್ಪೆ ಡಾಕ್ಟರು

ಬೆಳಿಗ್ಗೆ ಕೆಲಸಕ್ಕೆಂದು ಗೇಟು ತೆಗೆದರೆ ಸಾಕು, ಡಾಕ್ಟರಮ್ಮನಿಗೆ ಯಾರದಾದರೂ ಮೊಣಕಾಲೋ ಕೆಮ್ಮೋ ಎದುರಾಗುತ್ತಿತ್ತು. ಅಂದು ಎದುರಾದದ್ದು ಪಕ್ಕದ ಮನೆಯ ಯಜಮಾನರ ನಾಲಿಗೆ.

"ಸ್ವಲ್ಪ ನೋಡಿ ಡಾಕ್ಟರಮ್ಮ, ಬೆಳ್ಳಗಾಗಿದೆ ಅಂತಾಳೆ ನನ್ನ ಹೆಂಡತಿ," ಎಂದು ಕಾಂಪೌಂಡಿನ ಆಚೆಯಿಂದ ಅವರು ನಾಲಿಗೆ ಚಾಚಿದರು.

"ನಾನು ಆ ಥರದ ಡಾಕ್ಟರ್ ಅಲ್ಲ ಅಂತ ಎಷ್ಟು ಸಲ ಹೇಳೋದು?"

"ಮತ್ತೆ ಯಾವ ಥರದವರು?"

"ಜೀವಕೋಶದೊಳಗೆ ಏನೇನು ರಾಸಾಯನಿಕ ಕ್ರಿಯೆ ನಡೆಯುತ್ತೆ ಅಂತ ನೋಡೋಳು."

ಯಜಮಾನರು ನಾಲಿಗೆ ಒಳಗೆಳೆದುಕೊಂಡು, "ಅಲ್ಲಿ ನಡೆಯೋದಕ್ಕೂ ಇದು ಬೆಳ್ಳಗಾಗೋದಕ್ಕೂ ಸಂಬಂಧ ಇಲ್ವಾ?" ಎಂದರು. ಸಂಬಂಧ ಇಲ್ಲದೆ ಏನು? ಆದರೆ ಅದನ್ನು ವಿವರಿಸುತ್ತ ನಿಂತರೆ ಬಸ್ಸು ತಪ್ಪುತ್ತದೆ. ಡಾಕ್ಟರಮ್ಮ ಬಿರಬಿರನೆ ನಡೆದರು.

ಅವರ ಪ್ರಯೋಗಾಲಯ ಊರಾಚೆಯ ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿತ್ತು. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಉಳಿದ ಕೋಶಗಳಿಗಿಂತ ಹೊಟ್ಟೆಬಾಕತನದಿಂದ ಕಬಳಿಸುತ್ತವೆ; ಅದು ಹೇಗೆ, ಆ ಬಾಯಿಗೆ ಬೀಗ ಹಾಕುವುದು ಸಾಧ್ಯವೇ ಎಂಬುದೇ ಅವರ ಕೆಲಸ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವರ ಹೆಸರು ಅದೇ ಮಹಡಿಯ ಕಾವಲುಗಾರನಿಗೂ ಸರಿಯಾಗಿ ತಿಳಿದಿರಲಿಲ್ಲ. ಹೀಗಿರುವಾಗ, ಕಿತ್ತಳೆ ಸಿಪ್ಪೆಯಿಂದ ಬೇರ್ಪಡಿಸಿದ ಒಂದು ವಸ್ತು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಸಕ್ಕರೆ ದಕ್ಕದಂತೆ ಮಾಡಿತು. ಸಂಸ್ಥೆಯವರು ಪತ್ರಿಕೆಗೆ ಸುದ್ದಿ ಮುಟ್ಟಿಸಿದರು. ಒಬ್ಬ ವರದಿಗಾರ ಬಂದ.

ಅವನು ಒಳ್ಳೆಯ ಹುಡುಗ. ಕಾಫಿ ಕುಡಿದ, ಫೋಟೊ ತೆಗೆದ, ಅವರು ಹೇಳಿದ್ದಕ್ಕೆಲ್ಲ ತಲೆದೂಗಿದ. ಕೊನೆಗೆ, "ಹಾಗಾದ್ರೆ ಇದರಿಂದ ಕ್ಯಾನ್ಸರ್ ವಾಸಿ ಆಗುತ್ತಾ ಮೇಡಂ?" ಎಂದು ಕೇಳಿದ. ಇಲ್ಲ ಎಂದು ಹೇಳಲು ಡಾಕ್ಟರಮ್ಮ ಬಾಯಿ ತೆರೆದಿದ್ದರು. ಆದರೆ ಅವನ ಕಣ್ಣಿನಲ್ಲಿದ್ದ ಬೆರಗು ನೋಡಿ ಅವರಿಗೆ ಒಂಥರಾ ಖುಷಿಯಾಯಿತು. ಅಷ್ಟು ಬೆರಗಿನಿಂದ ಅವರನ್ನು ಯಾರೂ ನೋಡಿರಲಿಲ್ಲ. "ಮುಂದೊಂದು ದಿನ ಆಗಲೂಬಹುದು," ಎಂದು ಮುಗುಳ್ನಕ್ಕರು.

ಮಾರನೆಯ ದಿನ ಪತ್ರಿಕೆಯಲ್ಲಿ 'ಮುಂದೊಂದು ದಿನ' ಎಂಬ ಮಾತು ಇರಲಿಲ್ಲ. "ಕಿತ್ತಳೆ ಸಿಪ್ಪೆಗೆ ಬೆದರಿ ಕಾಲ್ಕಿತ್ತ ಕ್ಯಾನ್ಸರ್!" ಎಂಬ ದಪ್ಪಕ್ಷರದ ಕೆಳಗೆ ಡಾಕ್ಟರಮ್ಮನ ಮುಗುಳ್ನಗೆ ಮಾತ್ರ ಇತ್ತು.

ಡಾಕ್ಟರಮ್ಮನ ಜೊತೆಗಿದ್ದ ಅವರ ಅಣ್ಣ ರೇಡಿಯೊದಲ್ಲಿ ವಾರ್ತೆ ಓದಿ ನಿವೃತ್ತರಾದವರು. ನಿವೃತ್ತಿಯಾದದ್ದು ನೌಕರಿಯಿಂದ, ವಾರ್ತೆಯಿಂದಲ್ಲ. ಹಾಲು ಉಕ್ಕಿದರೂ ಅದನ್ನು ಮನೆಗೆಲ್ಲ ಕೇಳುವಂತೆ ಪ್ರಸಾರ ಮಾಡುವ ಅವರನ್ನು ಬೀದಿಯವರು ವಾರ್ತೆಯಣ್ಣ ಎಂದೇ ಕರೆಯುತ್ತಿದ್ದರು. ಅಂದು ಅವರು ಬಾಗಿಲಲ್ಲಿ ನಿಂತು ಪತ್ರಿಕೆಯನ್ನು ಇಡೀ ಬೀದಿಗೆ ಓದಿ ಹೇಳಿದರು.

"ಅಣ್ಣಾ, ಸ್ವಲ್ಪ ಜಾಸ್ತಿ ಬರೆದಿದ್ದಾನೆ ಅವನು."

"ಜಾಸ್ತಿ ಏನಿಲ್ಲ ಪುಟ್ಟಿ. ನಿನ್ನ ಮೂಗು ಮಾತ್ರ ಸ್ವಲ್ಪ ಜಾಸ್ತಿ ಬಂದಿದೆ ಫೋಟೊದಲ್ಲಿ."

ಐವತ್ತು ದಾಟಿದ ಪುಟ್ಟಿಗೆ ಅಂದು ಸಂಜೆಯವರೆಗೆ ಅಭಿನಂದನೆಗಳು ಬಂದವು. ಸಂಸ್ಥೆಯ ನಿರ್ದೇಶಕರು ಖುದ್ದಾಗಿ ಮೂರನೇ ಮಹಡಿ ಹತ್ತಿ ಬಂದು ಕೈ ಕುಲುಕಿದರು. ವರದಿಗಾರನಿಗೆ ಫೋನ್ ಮಾಡಿ ತಿದ್ದಲು ಹೇಳಬೇಕು ಎಂದು ಡಾಕ್ಟರಮ್ಮನಿಗೆ ಅನ್ನಿಸಿತು. ನಾಳೆ ಮಾಡಿದರಾಯಿತು ಎಂದೂ ಅನ್ನಿಸಿತು. ಆ ನಾಳೆ ಮರುದಿನವೂ ನಾಳೆಯಾಗಿಯೇ ಉಳಿಯಿತು.

ಅಷ್ಟರಲ್ಲಿ ಬೀದಿ ಕೊನೆಯ ಹಣ್ಣಿನಂಗಡಿಯವನು ಡಾಕ್ಟರಮ್ಮನ ಫೋಟೊ ಕತ್ತರಿಸಿ ತಕ್ಕಡಿಯ ಮೇಲೆ ಅಂಟಿಸಿದ್ದ. ಅವನ ಅಂಗಡಿಯಲ್ಲಿ ಈಗ ಕಿತ್ತಳೆ ಸಿಪ್ಪೆಗೆ ಒಂದು ಬೆಲೆ, ಸಿಪ್ಪೆ ಸುಲಿದ ಹಣ್ಣಿಗೆ ಅದರ ಅರ್ಧ.

"ಇದೇನಪ್ಪಾ ಅನ್ಯಾಯ?" ಎಂದರು ಡಾಕ್ಟರಮ್ಮ.

"ನೀವೇ ಹೇಳಿದ್ದಲ್ವಾ ಅಮ್ಮ, ಸತ್ವ ಎಲ್ಲಾ ಸಿಪ್ಪೇಲಿದೆ ಅಂತ. ಹಣ್ಣು ಯಾರಿಗೆ ಬೇಕು? ನಮ್ಮನೇಲಿ ಮೂರು ಹೊತ್ತೂ ಹಣ್ಣು ತಿಂದು ತಿಂದು ಮಕ್ಕಳು ಅಳ್ತಿದಾವೆ."

ಡಾಕ್ಟರಮ್ಮನಿಗೆ ನಗು ಬಂತು. ಮನೆಗೆ ಹೋಗಿ ಅಣ್ಣನಿಗೂ ಹೇಳಿ ನಕ್ಕರು. ಅಣ್ಣ ಅದೇ ಸಂತೋಷದಲ್ಲಿ, ಬೀದಿಯವರೆಲ್ಲ ಸೇರಿ ಸಭಾಭವನದಲ್ಲಿ ಅವರಿಗೊಂದು ಸನ್ಮಾನ ಇಟ್ಟುಕೊಂಡಿದ್ದಾರೆಂದೂ ನಿರೂಪಣೆ ತಮ್ಮದೇ ಎಂದೂ ತಿಳಿಸಿದರು.

ನಗು ನಿಂತದ್ದು ಟೈಲರಮ್ಮನ ಅಂಗಡಿಯಲ್ಲಿ.

ಟೈಲರಮ್ಮ ಎಂದರೆ ಆ ಬೀದಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸು. ಹಿಂದಿನ ವರ್ಷ ಅವರ ಎದೆಯಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಗಿತ್ತು. ಆಮೇಲೆ ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಔಷಧಿ ಏರಿಸುತ್ತಿದ್ದರು. ತಲೆಗೂದಲು ಉದುರಿತ್ತು. ಅದನ್ನು ಮುಚ್ಚಲು ಅವರು ಗಿರಾಕಿಗಳ ಉಳಿಕೆ ಬಟ್ಟೆಗಳಿಂದ ಒಂದೊಂದು ದಿನಕ್ಕೆ ಒಂದೊಂದು ಟೊಪ್ಪಿಗೆ ಹೊಲಿದುಕೊಂಡು, "ನಿಮ್ಮ ಪರದೇನ ತಲೆ ಮೇಲೆ ಹೊತ್ತಿದ್ದೀನಿ ನೋಡಿ," ಎಂದು ನಗಿಸುತ್ತಿದ್ದರು.

ಸನ್ಮಾನಕ್ಕೆ ಹೊಸ ಬಟ್ಟೆಯ ಅಳತೆ ಕೊಡಲು ಡಾಕ್ಟರಮ್ಮ ಹೋದಾಗ ಟೈಲರಮ್ಮ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಹೊಟ್ಟೆ ತಣ್ಣಗಿರಲಿ ಅಮ್ಮ. ಈ ಸಲ ಔಷಧಿಗೆ ಹೋಗಲೇ ಇಲ್ಲ ನಾನು. ದಿನಾ ಎರಡು ಲೋಟ ಸಿಪ್ಪೆ ರಸ. ವಾಂತಿ ಇಲ್ಲ, ಸುಸ್ತಿಲ್ಲ. ನೋಡಿ, ಸೂಜಿಗೆ ದಾರ ನಾನೇ ಪೋಣಿಸ್ತಿದ್ದೀನಿ!"

ಡಾಕ್ಟರಮ್ಮ ಹಿಡಿದ ಕೈಗಳನ್ನು ಬಿಡಿಸಿಕೊಂಡರು. ತಡವರಿಸುತ್ತಲೇ, ಅದು ತಟ್ಟೆಯಲ್ಲಿ ಮಾಡಿದ ಪ್ರಯೋಗ, ಮನುಷ್ಯರ ಮೇಲಲ್ಲ, ಔಷಧಿ ಬಿಡಬಾರದು ಎಂದೆಲ್ಲ ಹೇಳಿದರು. ಟೈಲರಮ್ಮ ಎಲ್ಲ ಕೇಳಿಸಿಕೊಂಡು, ಅಳತೆ ಟೇಪನ್ನು ಅವರ ಭುಜಕ್ಕೆ ಹಿಡಿಯುತ್ತ, "ಇದೇ ನೋಡಿ ದೊಡ್ಡತನ. ಮಾಡಿದ್ದನ್ನ ಮಾಡಿಲ್ಲ ಅಂತೀರಲ್ಲ," ಎಂದರು.

ಡಾಕ್ಟರಮ್ಮ ಅಲ್ಲಿಂದಲೇ ವರದಿಗಾರನಿಗೆ ಫೋನ್ ಮಾಡಿದರು.

"ಮೇಡಂ, ಕೆಲಸ ಮಾಡುತ್ತೆ ಅನ್ನೋದು ಸುದ್ದಿ. ಮಾಡುತ್ತೋ ಇಲ್ವೋ ಗೊತ್ತಿಲ್ಲ ಅನ್ನೋದು ಸುದ್ದಿ ಹೇಗಾಗುತ್ತೆ?"

"ಸುದ್ದಿ ಆಗದಿದ್ರೂ ಪರವಾಗಿಲ್ಲ, ಹಾಕಿ."

ಹಾಕಿದ. ಒಳಪುಟದಲ್ಲಿ, ಹಲ್ಲುಪುಡಿಯ ಜಾಹೀರಾತಿಗೆ ಒರಗಿಕೊಂಡು ನಾಲ್ಕು ಸಾಲು. ಬೀದಿಯಲ್ಲಿ ಅದನ್ನು ಓದಿದವರು ಇಬ್ಬರೇ. ಪಕ್ಕದ ಮನೆಯ ಯಜಮಾನರು ಕಾಂಪೌಂಡಿಗೆ ಬಂದು ದನಿ ತಗ್ಗಿಸಿ, "ಔಷಧಿ ಕಂಪನಿಯವರು ಬೆದರಿಸಿದ್ರಾ? ಹೆದರಬೇಡಿ, ನಾವಿದ್ದೀವಿ," ಎಂದರು. ಹಣ್ಣಿನಂಗಡಿಯವನು ಬೆಲೆ ಇನ್ನಷ್ಟು ಏರಿಸಿದ. ದೊಡ್ಡವರು ಅಡಗಿಸುವ ಮಾಲಿಗೆ ಗಿರಾಕಿ ಹೆಚ್ಚು.

ಅಣ್ಣನ ಮುಂದೆ ಕೂತು ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ಸನ್ಮಾನ ಬೇಡ ಅಂತ ಹೇಳಿಬಿಡಣ್ಣ."

"ಸಭಾಭವನಕ್ಕೆ ಮುಂಗಡ ಕೊಟ್ಟಾಗಿದೆ. ಅಲ್ಲದೆ ಪುಟ್ಟಿ, ಜನ ಒಂದು ಭರವಸೆ ಇಟ್ಕೊಂಡಿದ್ದಾರೆ. ಅದನ್ನ ಯಾಕೆ ಕಿತ್ಕೋತೀಯ? ಸಿಪ್ಪೆ ತಿಂದರೆ ಯಾರಿಗೆ ಏನು ನಷ್ಟ?"

"ಸಿಪ್ಪೆ ತಿಂದು ಔಷಧಿ ಬಿಟ್ಟರೆ ನಷ್ಟ ಇಲ್ಲ ಅಂತೀಯಾ?"

"ಔಷಧಿ ಯಾರು ಬಿಟ್ಟಿದ್ದಾರೆ?"

ಅವರಿಗೆ ಉತ್ತರ ಹೇಳುವ ಬದಲು ಡಾಕ್ಟರಮ್ಮ ಮಾರನೆಯ ಬೆಳಿಗ್ಗೆ ಟೈಲರಮ್ಮನನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು. ಹೊಸ ಬಿಳಿ ಕೋಟಿನ ಅಳತೆ ಅಲ್ಲೇ ತೆಗೆಯಬೇಕು ಎಂದು ಸುಳ್ಳು ಹೇಳಬೇಕಾಯಿತು.

ಟೈಲರಮ್ಮ ಮೊದಲು ಅಲ್ಲಿ ನೇತುಹಾಕಿದ್ದ ಕೋಟುಗಳ ಹೊಲಿಗೆಯನ್ನು ಎಳೆದು ನೋಡಿ ಮುಖ ಸಿಂಡರಿಸಿದರು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಇದೇನು, ಹರಳು ಹಾಸಿದ ಹಾಗಿದೆ?"

"ಕ್ಯಾನ್ಸರ್ ಕೋಶಗಳು. ಜೀವಂತ ಇವೆ."

ಟೈಲರಮ್ಮ ಸ್ವಲ್ಪ ಹೊತ್ತು ಕಣ್ಣು ತೆಗೆಯಲಿಲ್ಲ. "ಇವು... ನನ್ನವಾ?"

"ಅಲ್ಲ. ನಿಮ್ಮ ಹಾಗೇ ಯಾರೋ ಒಬ್ಬರದ್ದು. ಬಹಳ ಹಿಂದೆ ತೆಗೆದದ್ದು."

"ಪಾಪ," ಎಂದರು ಟೈಲರಮ್ಮ. ಕೋಶಗಳಿಗೋ ಆ ಯಾರೋ ಒಬ್ಬರಿಗೋ ತಿಳಿಯಲಿಲ್ಲ.

ಡಾಕ್ಟರಮ್ಮ ಎರಡನೇ ತಟ್ಟೆ ಇಟ್ಟರು. ಹಿಂದಿನ ದಿನ ಸಿಪ್ಪೆಯ ವಸ್ತು ಹಾಕಿದ್ದ ಆ ತಟ್ಟೆಯಲ್ಲಿ ಕೋಶಗಳು ಗುಂಡಗೆ ಮುದುಡಿ ತೇಲುತ್ತಿದ್ದವು. "ಸತ್ತಿದ್ದಾವಲ್ಲ!" ಎಂದು ಟೈಲರಮ್ಮ ಹಿಗ್ಗಿದರು. ಡಾಕ್ಟರಮ್ಮ ಮಾತಾಡದೆ ಬೇಸಿನ್ನಿನ ಹತ್ತಿರ ಇದ್ದ ಪಾತ್ರೆ ತೊಳೆಯುವ ಸೋಪಿನ ನೀರನ್ನು ಮೊದಲನೇ ತಟ್ಟೆಗೆ ಒಂದಿಷ್ಟು ಬಿಟ್ಟು, ಮತ್ತೆ ನೋಡಲು ಹೇಳಿದರು. ಹರಳುಗಳೆಲ್ಲ ಒಡೆದು ಚೂರಾಗಿದ್ದವು.

"ಅಯ್ಯೋ! ಹಾಗಾದ್ರೆ ಸೋಪಿನ ನೀರು ಇನ್ನೂ ಒಳ್ಳೇದಾ?"

"ಕುಡೀತೀರಾ?"

"ಛೀ!"

"ತಟ್ಟೇಲಿ ಕೊಲ್ಲೋದು ಸುಲಭ. ನಾನು ಹಾಕಿದಷ್ಟು ನಿಮ್ಮ ರಕ್ತಕ್ಕೆ ಸೇರಬೇಕಾದ್ರೆ ಒಂದು ಲಾರಿ ಸಿಪ್ಪೆ ತಿನ್ನಬೇಕು."

ಟೈಲರಮ್ಮ ಯೋಚಿಸಿದರು. "ಒಂದೇ ಸಲಕ್ಕಾ, ದಿನಾ ಸ್ವಲ್ಪ ಸ್ವಲ್ಪಾನಾ?"

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಕೊನೆಯ ತಟ್ಟೆ ಇಟ್ಟರು. ಅದರಲ್ಲೂ ಕೋಶಗಳು ಮುದುಡಿ ತೇಲುತ್ತಿದ್ದವು.

"ಇವೂ ಕ್ಯಾನ್ಸರ್‌ದಾ?"

"ಅಲ್ಲ. ಆರೋಗ್ಯವಾಗಿದ್ದವು. ಅದೇ ಸಿಪ್ಪೆ, ಅಷ್ಟೇ ಪ್ರಮಾಣ. ಒಳ್ಳೇವೂ ಸತ್ತವು."

ಟೈಲರಮ್ಮ ಕುರ್ಚಿ ಎಳೆದುಕೊಂಡು ಕೂತರು. ತಲೆಯ ಮೇಲಿನ ಹೂವಿನ ಟೊಪ್ಪಿಗೆಯನ್ನು ಸರಿಮಾಡಿಕೊಂಡರು.

"ಇದು ನಿಮಗೆ ಪೇಪರಿನವನು ಬಂದಾಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ಅವನು ಕೇಳಲಿಲ್ಲ."

"ಚೆನ್ನಾಗಿದೆ. ನಾನು ಒಂದು ತೋಳು ಗಿಡ್ಡ ಹೊಲಿದುಕೊಟ್ಟು, ನೀವು ಎರಡೂ ತೋಳು ಉದ್ದ ಇರಲಿ ಅಂತ ಕೇಳಿರಲಿಲ್ಲ ಅಂದ್ರೆ ಬಿಡ್ತಿದ್ರಾ?"

ಡಾಕ್ಟರಮ್ಮ ತಲೆ ತಗ್ಗಿಸಿದರು. "ಬಿಡ್ತಿರಲಿಲ್ಲ. ತಪ್ಪು ನಂದೇ. ಯಾರೋ ಒಬ್ಬರು ಮೆಚ್ಚಿಕೊಂಡು ನೋಡಿದ್ದಕ್ಕೆ ಮೈಮರೆತೆ."

ಟೈಲರಮ್ಮ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಅವರ ಮಾತು ಬೇರೆಯೇ ದನಿಯಲ್ಲಿ ಬಂತು. "ನನಗೂ ಅನುಮಾನ ಇತ್ತು ಅಮ್ಮ. ಸಿಪ್ಪೇಲಿ ಅಷ್ಟೆಲ್ಲ ಇದ್ದಿದ್ರೆ ಆಸ್ಪತ್ರೆಯವರೇ ತಿನ್ನಿಸ್ತಿದ್ರು. ಆದ್ರೆ ಆ ಔಷಧಿ... ಬಾಟಲಿ ನೋಡಿದ್ರೇ ಹೊಟ್ಟೆ ತೊಳಸುತ್ತೆ. ಕೈ ನಡುಗುತ್ತೆ. ಕೈ ನಡುಗಿದ್ರೆ ನನ್ನ ಹತ್ರ ಇನ್ನೇನಿದೆ? ನಿಲ್ಲಿಸೋಕೆ ಒಂದು ನೆಪ ಬೇಕಿತ್ತು. ನಿಮ್ಮ ಫೋಟೊ ಸಿಕ್ತು."

ಡಾಕ್ಟರಮ್ಮ ತಟ್ಟೆಗಳನ್ನು ಒತ್ತಟ್ಟಿಗಿಟ್ಟರು. "ನಾಳೆ ಆಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ," ಎಂದರು.

"ನಾಳೆ ನಿಮ್ಮ ಸನ್ಮಾನ."

"ಅಣ್ಣ ನೋಡ್ಕೋತಾನೆ. ಅವನಿಗೆ ಮೈಕು ಸಿಕ್ಕಿದ್ರೆ ಸಾಕು, ನಾನ್ಯಾಕೆ?"

ಆಸ್ಪತ್ರೆಯ ವೈದ್ಯೆ ಟೈಲರಮ್ಮನನ್ನು ಚೆನ್ನಾಗಿ ಗದರಿದರು. ರಕ್ತ ಪರೀಕ್ಷೆ ಮಾಡಿಸಿ, ತಡವಾದದ್ದು ಸ್ವಲ್ಪವೇ, ಮುಂದುವರಿಸಬಹುದು ಎಂದರು. ಔಷಧಿ ಏರಿಸುವ ಕೋಣೆಯಲ್ಲಿ ಸಾಲಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಗೂ ಒಂದು ತೂಗುಬಾಟಲಿ. ಟೈಲರಮ್ಮನ ಕೈಗೆ ಸೂಜಿ ಚುಚ್ಚುವಾಗ ಡಾಕ್ಟರಮ್ಮ ಮುಖ ತಿರುಗಿಸಿದರು. ಇಷ್ಟು ವರ್ಷ ಕ್ಯಾನ್ಸರನ್ನು ತಟ್ಟೆಯಲ್ಲಿ ನೋಡಿದ್ದರೇ ಹೊರತು ಕುರ್ಚಿಯಲ್ಲಿ ನೋಡಿರಲಿಲ್ಲ.

"ನೀವು ಸಿಪ್ಪೆ ಡಾಕ್ಟರ್ ಅಲ್ವಾ?" ಎಂದರು ಪಕ್ಕದ ಕುರ್ಚಿಯ ಮುದುಕರು.

ಕೋಣೆಯ ತಲೆಗಳೆಲ್ಲ ಇತ್ತ ತಿರುಗಿದವು. ಡಾಕ್ಟರಮ್ಮ ಎದ್ದು ನಿಂತರು. ಸೋಪಿನ ನೀರಿನಿಂದ ಹಿಡಿದು ಲಾರಿಯವರೆಗೆ, ಸತ್ತ ಒಳ್ಳೆಯ ಕೋಶಗಳವರೆಗೆ ಎಲ್ಲವನ್ನೂ ಹೇಳಿದರು. ತಮ್ಮ ಮುಗುಳ್ನಗೆಯ ವಿಷಯವನ್ನೂ ಬಿಡಲಿಲ್ಲ. ನಡುವೆ ಟೈಲರಮ್ಮ, "ನಾನೇ ಕಣ್ಣಾರೆ ನೋಡಿ ಬಂದಿದ್ದೀನಿ," ಎಂದು ಒಗ್ಗರಣೆ ಹಾಕಿದರು.

ಮುದುಕರು ಸಪ್ಪಗಾಗಿ, ಕಂಬಳಿಯ ಕೆಳಗಿನಿಂದ ಒಂದು ಬಾಟಲಿ ತೆಗೆದರು. "ಹಾಗಾದ್ರೆ ಇದನ್ನೇನು ಮಾಡ್ಲಿ?" ಒಳಗೆ ಸಿಪ್ಪೆ ರಸ. ಆಚೆ ಕುರ್ಚಿಯ ಹೆಂಗಸು ಕೈಚೀಲದಿಂದ ಇನ್ನೊಂದು ತೆಗೆದರು. ಕಿಟಕಿಯ ಬಳಿ ಕೂತವರ ಫ್ಲಾಸ್ಕಿನಲ್ಲಿ ಚಹಾ ಇರಲಿಲ್ಲ. ನೋಡನೋಡುತ್ತ ಮೇಜಿನ ಮೇಲೆ ಹಳದಿ ಬಾಟಲಿಗಳ ಸಂತೆಯೇ ನೆರೆಯಿತು.

ಆ ಹೊತ್ತಿಗೆ ವಾರ್ತೆಯಣ್ಣ ಹೂಗುಚ್ಛ ಹಿಡಿದು, ಕೆಂಡದಂಥ ಮುಖ ಮಾಡಿಕೊಂಡು ಒಳಗೆ ನುಗ್ಗಿದರು. "ಸಭಾಭವನ ತುಂಬಿದೆ! ನಿರ್ದೇಶಕರು ಕಾಯ್ತಿದ್ದಾರೆ! ಪುಟ್ಟಿ, ನೀನಿಲ್ಲಿ..."

"ಇವರು ಔಷಧಿ ಬಿಟ್ಟಿದ್ರಣ್ಣ," ಎಂದು ಡಾಕ್ಟರಮ್ಮ ಟೈಲರಮ್ಮನನ್ನು ತೋರಿಸಿದರು. "ನಷ್ಟ ಏನು ಅಂತ ಕೇಳಿದ್ಯಲ್ಲ."

ವಾರ್ತೆಯಣ್ಣ ಟೈಲರಮ್ಮನ ಕೈಯ ಸೂಜಿಯನ್ನು ನೋಡಿದರು, ಮೇಜಿನ ಬಾಟಲಿಗಳನ್ನು ನೋಡಿದರು. ಅವರ ಜೀವಮಾನದಲ್ಲಿ ಪ್ರಸಾರ ನಿಂತದ್ದು ಅದೇ ಮೊದಲು. ಹೂಗುಚ್ಛವನ್ನು ಮೆಲ್ಲಗೆ ಟೈಲರಮ್ಮನ ತೊಡೆಯ ಮೇಲಿಟ್ಟು, ತಂಗಿಯ ಜೊತೆ ಬಾಟಲಿಗಳನ್ನು ಬಾಚಿಕೊಂಡು ಮೂಲೆಯ ಬೇಸಿನ್ನಿಗೆ ಸುರಿಯಲು ನಿಂತರು.

ಬೇಸಿನ್ನು ಮೊದಲ ನಾಲ್ಕು ಬಾಟಲಿಗಳನ್ನು ಸಹಿಸಿಕೊಂಡಿತು. ಐದನೆಯದಕ್ಕೆ ಗೊಳಗೊಳ ಎಂದು ಕಟ್ಟಿಕೊಂಡಿತು. ಸಿಪ್ಪೆಯ ಚರಟ ಮೇಲೆದ್ದು, ಅಂಚು ದಾಟಿ ನೆಲಕ್ಕಿಳಿದು, ಕೋಣೆಯ ನಡುವಿಗೆ ಹರಿಯತೊಡಗಿತು. ಸದ್ದು ಕೇಳಿ ಬಂದ ನರ್ಸು ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನಿದು ರಾಮಾಯಣ? ಯಾರು ಮಾಡಿದ್ದು ಇದನ್ನ?"

ಮುದುಕರು ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡರು. ವಾರ್ತೆಯಣ್ಣ ಚಾವಣಿ ನೋಡಿದರು.

"ನಾನು," ಎಂದರು ಡಾಕ್ಟರಮ್ಮ. "ಎಲ್ಲಾ ನಾನೇ ಮಾಡಿದ್ದು."

ಸನ್ಮಾನಕ್ಕೆಂದು ಹೊಲಿಸಿದ ಹೊಸ ಬಟ್ಟೆಯ ತೋಳನ್ನು ಮೊಣಕೈವರೆಗೆ ಮಡಚಿ, ಅವರು ಬೇಸಿನ್ನಿನೊಳಗೆ ಕೈಯಿಳಿಸಿದರು. ಹಿಡಿ ಹಿಡಿಯಾಗಿ ಸಿಪ್ಪೆ ಮೇಲೆ ಬರತೊಡಗಿತು. ಟೈಲರಮ್ಮ ಕುರ್ಚಿಯಲ್ಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಇನ್ನೂ ಒಳಗೆ ಕೈ ಹಾಕಿ ಅಮ್ಮ," ಎಂದರು. "ತಳದಲ್ಲಿ ಬಹಳ ಇರುತ್ತೆ."