ಅವರ ಕಾಗದವನ್ನೂ ನೋಡೋಣ

ಬೆಳಿಗ್ಗೆ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದೆ. ಅಷ್ಟರಲ್ಲಿ ಮಹದೇವು ಬಂದು ಬೈಕು ನಿಲ್ಲಿಸಿದ. ಚುನಾವಣೆಗೆ ನಿಂತಿರುವ ರವಿಚಂದ್ರ ಅವರ ಕಡೆಯವನು.

"ಮಂಜಕ್ಕ, ನಿಮ್ಮ ರೇಷನ್ ಕಾರ್ಡು ನಿಂತೋಗೈತಂತಲ್ಲ. ಅಣ್ಣಾವ್ರ ಕಿವಿಗೆ ಹಾಕಿವ್ನಿ. ನಿಮ್ಮ ಓಟರ್ ಕಾರ್ಡು, ಶಿವಣ್ಣನ ಪ್ಯಾನ್ ಕಾರ್ಡು, ಎರಡರ ಜೆರಾಕ್ಸು ಕೊಡಿ. ಅಣ್ಣಾವ್ರು ಗೆದ್ದ ಮಾರನೆ ದಿನ ಕಾರ್ಡು ಮನೆಗೆ ಬತ್ತದೆ."

ಮೊರ ಕೆಳಗಿಟ್ಟೆ. ಕಾರ್ಡು ನಿಂತಿದ್ದು ನಿಜ. ನನ್ನ ಗಂಡ ಶಿವು ಗೂಡ್ಸ್ ಆಟೋ ಸಾಲಕ್ಕೆಂದು ಒಂದೇ ಒಂದು ಸಲ ಆದಾಯ ತೆರಿಗೆ ರಿಟರ್ನ್ ಹಾಕಿದ್ದರು. ಆಮೇಲೆ ಅದೇ ಕಾರಣಕ್ಕೆ ನ್ಯಾಯಬೆಲೆ ಅಂಗಡಿಯ ಪಟ್ಟಿಯಿಂದ ನಮ್ಮ ಹೆಸರು ಹೋಯಿತು. ಮೂರು ತಿಂಗಳಿಂದ ಅಕ್ಕಿ ಕೊಂಡು ತರುತ್ತಿದ್ದೇವೆ. ಇದನ್ನು ನಾನು ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ.

"ನಿಂಗೆ ಯಾರು ಹೇಳಿದ್ರು ಮಹದೇವು?"

"ನಮ್ಮತ್ರ ಪಟ್ಟಿ ಐತೆ ಕಣಕ್ಕ. ಯಾರ್ದು ಯಾಕೆ ನಿಂತೈತೆ, ಎಲ್ಲಾ ಐತೆ," ಎಂದು ನಕ್ಕ.

ಆ ನಗು ನನಗೆ ಹಿಡಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು ಶೋಭಿತಾ, "ಮತ್ತೆ ಅವ್ರ ಕಾಗ್ದ ಯಾರತ್ರ ಐತೆ..." ಎಂದು ಶುರು ಮಾಡಿದಳು. ಆರನೇ ಕ್ಲಾಸಿನ ಹುಡುಗಿ. ಕಣ್ಣಲ್ಲೇ ಸುಮ್ಮನಿರಿಸಿದೆ. "ನಮ್ಮ ಮನೆಯವರು ಬರಲಿ, ಆಮೇಲೆ ನೋಡೋಣ" ಎಂದು ಮಹದೇವುವನ್ನು ಸಾಗಹಾಕಿದೆ.

ಅತ್ತೆ ಚಿಕ್ಕನಂಜಮ್ಮನಿಗೆ ಸಿಟ್ಟು ಬಂತು. "ಬಾಗ್ಲಿಗೆ ಬಂದದ್ದ ಕಳ್ಕೊಂಡ್ಯಲ್ಲಮ್ಮ. ನಿಮ್ಮಾವನ ತಿಥಿಗೆ ಬಿಳಿ ಕಾರಲ್ಲಿ ಬಂದು ಪಟಕ್ಕೆ ಹಾರ ಹಾಕ್ಬುಟ್ಟು ಹೋದೋನು ಆವಪ್ಪ. ಅಂಥೋನ ಮೇಲೂ ಅನುಮಾನವಾ?"

"ಹಾರ ಹಾಕಿದ್ರು, ಸರಿ ಅತ್ತೆ. ಪ್ಯಾನ್ ಕಾರ್ಡು ಯಾಕೆ?"

ಅತ್ತೆ ಮೊರ ಎಳೆದುಕೊಂಡು ತಾವೇ ರಾಗಿ ಕೇರತೊಡಗಿದರು.

ಸಂಜೆ ನಮ್ಮ ಮಹಿಳಾ ಸಂಘದ ನಾಗಶ್ರೀ ಮನೆಗೆ ಬಂದಳು. ಪಕ್ಕದ ಊರು ಪೂರಿಗಾಲಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದಾಳೆ. ವಿಷಯ ಕೇಳಿ ಅವಳ ಮುಖ ಬಿಗಿಯಾಯಿತು.

"ಕೊಟ್ಟುಗಿಟ್ಟೀಯೆ ಮಂಜು. ಕಾರ್ಡಿನ ಅರ್ಜೀನ ನೀವೇ ಮಳವಳ್ಳಿ ತಾಲ್ಲೂಕು ಕಚೇರಿಗೆ ಕೊಡಬಹುದು. ಮಧ್ಯದಲ್ಲಿ ಮಹದೇವು ಯಾಕೆ? ಅದಿರಲಿ, ನಿಮ್ಮ ರಿಟರ್ನಿನ ವಿಷಯ ಅವರಿಗೆ ಗೊತ್ತೈತೆ. ಅವರ ರಿಟರ್ನಿನ ವಿಷಯ ನಿಮಗೆ ಗೊತ್ತಾ?"

"ದೊಡ್ಡೋರ ಸಂಪಾದ್ನೆ ನಾವು ಕೇಳಕಾಯ್ತದೇನವ್ವ?" ಎಂದರು ಅತ್ತೆ.

"ಕೇಳೋದೇ ಬ್ಯಾಡ ಅಜ್ಜಿ. ಅವ್ರೇ ಪ್ರಮಾಣ ಮಾಡಿ ಬರ್ಕೊಟ್ಟವ್ರೆ."

ನಾಗಶ್ರೀ ಫೋನಿನಲ್ಲಿ ಚುನಾವಣಾ ಆಯೋಗದ ವೆಬ್‌ಸೈಟು ತೆರೆದಳು. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ಒಂದು ಪ್ರಮಾಣಪತ್ರ ಕೊಡಬೇಕಂತೆ. ಹಿಂದಿನ ಐದು ವರ್ಷ ರಿಟರ್ನಿನಲ್ಲಿ ತೋರಿಸಿದ ಆದಾಯ, ಮನೆಯವರದ್ದೂ ಸೇರಿ, ಅದರಲ್ಲಿ ಇರುತ್ತದೆ. ಆಸ್ತಿ, ಸಾಲ, ವಾಹನ, ಕೇಸು, ಎಲ್ಲವೂ. ರಿಟರ್ನಿನ ಕಾಗದವನ್ನೇ ಹಾಕಬೇಕೆಂಬ ಕಾನೂನಿಲ್ಲ. ತೋರಿಸುವ ಮನಸ್ಸಿದ್ದವರು ತೋರಿಸಬಹುದು.

"ನೋಡಿ, ಇದು ರವಿಚಂದ್ರ ಅವರದ್ದು. ಹೋದ ವರ್ಷದ ಆದಾಯ ಎರಡು ಲಕ್ಷದ ಎಂಬತ್ತು ಸಾವಿರ. ಅದರ ಹಿಂದಿನ ವರ್ಷವೂ ಹೆಚ್ಚುಕಮ್ಮಿ ಅಷ್ಟೇ. ಹೆಂಡ್ತಿಗೆ ಏನೂ ಇಲ್ಲ."

ಶಿವು ರಿಟರ್ನಿನಲ್ಲಿ ಮೂರು ಲಕ್ಷದ ಹತ್ತು ಸಾವಿರ ಬರೆಸಿದ್ದರು.

ಅತ್ತೆ ಕಣ್ಣು ಕಿರಿದು ಮಾಡಿದರು. "ನಮ್ಮ ಶಿವುಗಿಂತ ಬಡವನಾ ಆವಪ್ಪ? ಹಂಗಾದ್ರೆ ಮೊದ್ಲು ಅವಂಗೆ ಕಾರ್ಡು ಕೊಡ್ಸಿ, ಪಾಪ."

ನಾಗಶ್ರೀಗೂ ನಗು ಬಂತು. "ಸುಳ್ಳು ಅಂತ ನಾವು ಹೇಳೋಕಾಗಲ್ಲ ಅಜ್ಜಿ. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ, ಅದು ಬೇರೆ ಇರಬಹುದು. ವಾಹನ ಮಾತ್ರ ಇಲ್ಲ ಅಂತ ಬರ್ದವ್ರೆ."

"ಇಲ್ವಂತಾ? ತಿಥಿಗೆ ಬಂದಿದ್ನಲ್ಲ, ಆ ಬಿಳಿ ಕಾರು?"

"ಬೇರೆಯವರ ಹೆಸರಲ್ಲಿ ಇದ್ದರೂ ಇರಬಹುದು. ಅದನ್ನ ಅವರೇ ಹೇಳ್ಬೇಕು."

ಆಟೋ ನಿಲ್ಲಿಸಿ ಒಳಗೆ ಬಂದ ಶಿವು ಎಲ್ಲ ಕೇಳಿಸಿಕೊಂಡು, "ಸುಮ್ಕಿರ್ರಪ್ಪ. ಅವ್ರನ್ನ ಎದುರು ಹಾಕ್ಕೊಂಡ್ರೆ ಕಾರ್ಡು ಜನ್ಮಕ್ಕೂ ಬರಲ್ಲ" ಎಂದರು. ಆ ಭಯ ನನಗೂ ಇತ್ತು. ಅತ್ತೆಯೇ ಹೇಳಿದರು: "ಕೇಳಿದ್ದಕ್ಕೇ ಕಾರ್ಡು ತಪ್ಪಿಸೋನು, ಗೆದ್ದ ಮೇಲೆ ಕೊಡ್ಸಾನಾ? ಅರ್ಜಿ ನಾವೇ ಹಾಕವ, ಬುಡು."

ಅಕ್ಕತಂಗಿಯರೇ, ನಿಮ್ಮ ಬಾಗಿಲಿಗೂ ಇಂಥವರು ಬರುತ್ತಾರೆ. ನಿಮ್ಮ ಕಾಗದಗಳನ್ನು ಅವರ ಕೈಗೆ ಕೊಡಬೇಡಿ. ಮೊದಲು ಅವರ ಕಾಗದ ನೋಡಿ. ಫೋನ್ ಇದ್ದವರು ಆಯೋಗದ ವೆಬ್‌ಸೈಟಿನಲ್ಲಿ ನೋಡಬಹುದು. ಇಲ್ಲದವರು ಚುನಾವಣಾಧಿಕಾರಿಯ ಕಚೇರಿಗೆ ಹೋಗಿ ನೋಟಿಸ್ ಬೋರ್ಡ್ ನೋಡಬಹುದು. ಒಬ್ಬರದ್ದಲ್ಲ, ನಿಂತವರೆಲ್ಲರದ್ದೂ ನೋಡಿ. ಅರ್ಥವಾಗದಿದ್ದರೆ ಓದಿದವರಿಂದ ಓದಿಸಿ. ಆಮೇಲೂ ಅನುಮಾನ ಉಳಿದರೆ ಓಟಿಗೆ ಮುಂಚೆ ಕೇಳಿ. ಓಟು ಹಾಕಿದ ಮೇಲೆ ಅವರು ನಮ್ಮ ಬೀದಿಯಲ್ಲಿ ಸಿಗುವುದಿಲ್ಲ.

ನಮ್ಮ ಬೀದಿಯಲ್ಲಿ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ, ಒಲೆಯ ಮೇಲೆ ಎಸರಿದೆ.

ಮೂರನೆಯ ದಿನ ರವಿಚಂದ್ರ ಬಂದರು. ಬಿಳಿ ಕಾರಿನಿಂದ ಇಳಿದು ಮನೆಮನೆಗೂ ಕೈಮುಗಿಯುತ್ತಾ ನಮ್ಮ ಬಾಗಿಲಿಗೆ ತಲುಪಿದರು. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು.

"ಅಕ್ಕ, ಜೆರಾಕ್ಸು ರೆಡಿ ಮಾಡಿದ್ದೀರಾ?" ಎಂದ ಮಹದೇವು.

"ಮಾಡಿಸಿದ್ದೀನಿ" ಎಂದು ಕೈಯಲ್ಲಿದ್ದ ಹಾಳೆಗಳನ್ನು ಚಾಚಿದೆ. ಅವು ನಾಗಶ್ರೀಯ ಸೆಂಟರಿನಲ್ಲಿ ತೆಗೆಸಿದ ರವಿಚಂದ್ರ ಅವರ ಪ್ರಮಾಣಪತ್ರದ ಹಾಳೆಗಳು. ಅವರು ಮೇಲಿನ ಹಾಳೆ ನೋಡಿದರು, ನನ್ನನ್ನು ನೋಡಿದರು. ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಗಿತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಶೋಭಿತಾ ನನ್ನ ಮುಖ ನೋಡಿದಳು. ಈ ಸಲ ನಾನು ತಡೆಯಲಿಲ್ಲ. ಅತ್ತೆ ಆರತಿ ತಟ್ಟೆಯನ್ನು ಜಗಲಿಯ ಮೇಲಿಟ್ಟು, "ಕೇಳವ್ವ" ಎಂದರು.

"ಸಾರ್, ನಿಮ್ಮ ಆದಾಯ ನಮ್ಮಪ್ಪನಿಗಿಂತ ಕಮ್ಮಿ ಅಂತ ಇದ್ರಲ್ಲಿ ಐತೆ. ನಿಮಗೆ ಕಾರು ಇಲ್ಲ ಅಂತಾನೂ ಐತೆ. ಮತ್ತೆ ಈ ಕಾರು ಯಾರ್ದು?"