ಕ್ಲಚ್ ಅಕ್ಕನ ಮಂಡಿ

ಕಾರು ಓಡಿಸಲು ಕಲಿಸುತ್ತ ಮಾತುಮಾತಿಗೂ "ಕ್ಲಚ್, ಕ್ಲಚ್" ಎಂದು ಕೂಗುವ ಅವಳನ್ನು ಶಿಷ್ಯರೆಲ್ಲ ಕ್ಲಚ್ ಅಕ್ಕ ಎನ್ನುತ್ತಿದ್ದರು. ಹೊಸಬರು ತಡಬಡಿಸಿದಾಗೆಲ್ಲ ಪಕ್ಕದ ಸೀಟಿನಲ್ಲಿ ತನ್ನ ಕಾಲಡಿಯಿದ್ದ ಇನ್ನೊಂದು ಬ್ರೇಕನ್ನು ತುಳಿದೂ ತುಳಿದೂ ಅಕ್ಕನ ಬಲಮಂಡಿ ಕೈಕೊಟ್ಟಿತ್ತು.

ಸರಕಾರಿ ಆಸ್ಪತ್ರೆಗೆ ಹೋದಾಗಲೆಲ್ಲ ಹೊಸ ಡಾಕ್ಟರು. ಪ್ರತಿಯೊಬ್ಬರಿಗೂ ಮಂಡಿಯ ಪುರಾಣವನ್ನು ಮೊದಲಿನಿಂದ ಒಪ್ಪಿಸಬೇಕು. ಆಪರೇಶನ್ ಯಾರು ಮಾಡುತ್ತಾರೆಂದು ಕೇಳಿದರೆ, "ಆ ದಿನ ಯಾರಿರ್ತಾರೋ ಅವರು" ಎಂಬ ಉತ್ತರ. ರೋಸಿಹೋಗಿ, ಡ್ರೈವಿಂಗ್ ಶಾಲೆಯವರು ಮಾಡಿಸಿಕೊಟ್ಟಿದ್ದ ಆರೋಗ್ಯ ವಿಮೆಯ ಕಂಪನಿಗೆ ಫೋನ್ ಮಾಡಿದಳು.

"ನಮ್ಮ ಪಟ್ಟಿಯಲ್ಲಿರೋ ಯಾವ ಆಸ್ಪತ್ರೆ ಆದರೂ ಸರಿ, ಯಾವ ಡಾಕ್ಟರಾದರೂ ಸರಿ. ನೀವೇ ಆರಿಸಿಕೊಳ್ಳಿ ಮೇಡಂ."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಆ ನೆಮ್ಮದಿ ಮನೆಯ ಹೊಸ್ತಿಲವರೆಗೆ ಮಾತ್ರ. ಗಂಡನಿಗೆ ಮನೆ ಹತ್ತಿರದ ಆಸ್ಪತ್ರೆಯೇ ಆಗಬೇಕು, ಊಟ ಒಯ್ಯಲು ಸುಲಭ. ನಾದಿನಿಗೆ ತನ್ನ ಅತ್ತೆಯ ಸೊಂಟ ಸರಿಮಾಡಿದ ಡಾಕ್ಟರೇ ದೇವರು. ತಮ್ಮನಂತೂ ಹೊಸ ಆಸ್ಪತ್ರೆಯ ಜಪ ಹಿಡಿದ. "ಅಕ್ಕಾ, ಅಲ್ಲಿನ ಲಿಫ್ಟ್ ನೋಡಿದೀಯಾ? ಸುತ್ತ ಕನ್ನಡಿ."

"ನಾನೇನು ಲಿಫ್ಟಿಗೆ ಆಪರೇಶನ್ ಮಾಡಿಸ್ತಾ ಇದೀನಾ?"

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊಟಕ್ಕೆ ಕೂತರೆ ಮಂಡಿ, ಫೋನೆತ್ತಿದರೆ ಮಂಡಿ. ತಲೆ ಚಿಟ್ಟು ಹಿಡಿದು, ಒಂದು ಬೆಳಿಗ್ಗೆ ಹೇಳದೆ ಕೇಳದೆ ವಿಮೆಯವರ ಪಟ್ಟಿ ಹಿಡಿದು ತಾನೇ ಹೊರಟಳು.

ಕನ್ನಡಿ ಲಿಫ್ಟಿನ ಆಸ್ಪತ್ರೆಯ ಡಾಕ್ಟರು ಪರದೆಯ ಮೇಲೆ ಮಂಡಿಯ ಸ್ಕ್ಯಾನ್ ನೋಡಿ, ಕಾಲಿನತ್ತ ಕಣ್ಣೂ ಹಾಯಿಸದೆ, "ಗುರುವಾರ ಮಂಡಿ ಬದಲಾಯಿಸೋಣ" ಎಂದರು. ಅಕ್ಕ ಎದ್ದು ಬಂದಳು. ಊರಂಚಿನ ಆಸ್ಪತ್ರೆಯ ಡಾಕ್ಟರಮ್ಮ ಅವಳನ್ನು ಮೆಟ್ಟಿಲು ಹತ್ತಿಸಿ, ಇಳಿಸಿ, ಮಂಡಿಯನ್ನು ಮಡಚಿ, ಒತ್ತಿ ನೋಡಿದರು.

"ಬದಲಾಯಿಸೋದು ಬೇಡ. ಒಳಗೆ ಹರಿದಿರೋ ಚೂರು ತೆಗೆದರೆ ಸಾಕು. ಆದರೆ ಕೆಲವು ವಾರ ಬ್ರೇಕ್ ಮುಟ್ಟೋ ಹಾಗಿಲ್ಲ."

"ಮಾಡೋದು ನೀವೇನಾ?"

"ನಾನೇ."

ಸಂಜೆ ಸುದ್ದಿ ತಿಳಿದ ಗಂಡ ಮುಖ ಗಂಟಿಕ್ಕಿದ. "ಅಷ್ಟು ದೂರ. ಎರಡು ಬಸ್ ಬದಲಾಯಿಸಬೇಕಲ್ಲೇ."

"ಬದಲಾಯಿಸಿ. ಮಂಡಿ ಬದಲಾಯಿಸೋದಕ್ಕಿಂತ ಸುಲಭ."

ಆಪರೇಶನ್ನಿನ ಮರುದಿನ ಅವನು ಬಸ್ಸಿನ ನೂಕುನುಗ್ಗಲನ್ನು ಬೈಯುತ್ತ ವಾರ್ಡಿಗೆ ಬಂದಾಗ, ಅಕ್ಕ ಗೋಡೆ ಹಿಡಿದು ಕಿಟಕಿಯವರೆಗೂ ನಡೆದುಹೋಗಿದ್ದಳು. ಊಟದ ಡಬ್ಬಿ ಕೆಳಗಿಟ್ಟು, ಅವಳ ಮೊಣಕೈ ಹಿಡಿದ.

"ನೋವಿದೆಯಾ?"

"ಇದೆ. ತಡೆದುಕೊಳ್ಳೋ ಹಾಗಿದೆ."

"ವ್ಯಾಯಾಮ ಮಾಡಿಸೋಕೆ ನಮ್ಮ ಆಫೀಸಿನವರೊಬ್ಬರ ಪರಿಚಯದವರು ಇದಾರಂತೆ..."

ಅಕ್ಕ ತಿರುಗಿ, "ಅವರನ್ನೂ ನಾನೇ ಆರಿಸ್ಕೋತೀನಿ" ಎಂದಳು. ಅವನು ಕೂತು ಡಬ್ಬಿಯ ಮುಚ್ಚಳ ತೆಗೆಯತೊಡಗಿದ.