ಕೊನೆಯ ಗುಂಡಿಯ ಮಣ್ಣು

ಗಾಜಿನ ಸೀಸೆಯಲ್ಲಿ ಕೆರೆಯ ನೀರು ತಿಳಿಯಾಗುವುದನ್ನು ನೋಡುತ್ತ ಕೂರುವುದೆಂದರೆ ಆಗ ನನಗೆ ಬಲು ಇಷ್ಟ. ಕೆಸರು ಮೆಲ್ಲಗೆ ಬುಡಕ್ಕಿಳಿಯುತ್ತಿತ್ತು, ಮೇಲೆ ನೀರು ಹೊಳೆಯುತ್ತಿತ್ತು. ಆ ನೀರನ್ನು ಸೋಸುಕಾಗದದಲ್ಲಿ ಇನ್ನೊಮ್ಮೆ ಸೋಸಿ, ಕಾಗದವನ್ನು ಮೇಜಿನ ಕೆಳಗಿನ ಬುಟ್ಟಿಗೆ ಎಸೆದು, ಆಮೇಲೆಯೇ ಪರೀಕ್ಷೆಗೆ ಕೂರುತ್ತಿದ್ದೆ. ನೀರು ಪರೀಕ್ಷೆಯ ಕಚೇರಿಗೆ ಸೇರಿ ಮೂರು ತಿಂಗಳಾಗಿತ್ತು, ಅಷ್ಟರಲ್ಲೇ ನನ್ನಷ್ಟು ಶುದ್ಧವಾಗಿ ಕೆಲಸ ಮಾಡುವವರಿಲ್ಲವೆಂದು ಬೀಗುತ್ತಿದ್ದೆ.

ಕುಂಬಾರಗೇರಿಯ ಪುಟ್ಟೀರಮ್ಮ ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದದ್ದು ಆಗಲೇ. ಕೆರೆಯ ಮಣ್ಣಿನಲ್ಲಿ ಮಡಕೆ ಮಾಡುವ ಆ ಕೈಗಳು ಸುಲಿದು ಕೆಂಪಾಗಿದ್ದವು. ಅಂಟುರೋಗವೆಂದು ಊರೆಲ್ಲ ಗುಲ್ಲಾಗಿ, ಅವರು ಮುಟ್ಟಿದ ಮಡಕೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ರೋಗವಲ್ಲ, ಕೆರೆಗೇ ಏನೋ ಸೇರಿದೆ, ನೋಡಿ ಬರೆದುಕೊಡಿ ಎಂದು ಕೇಳಿಕೊಂಡರು. ನಾನು ಎರಡು ಸಲ ಪರೀಕ್ಷಿಸಿ, ಎರಡು ಸಲವೂ ದೋಷವಿಲ್ಲವೆಂದು ಬರೆದು ಸಹಿ ಹಾಕಿದೆ. ಆ ಕಾಗದವೇ ಅವರ ಕುತ್ತಿಗೆಗೆ ಬಂತು. ನೀರು ಚೆನ್ನಾಗಿದ್ದರೆ ಕೆಟ್ಟಿರುವುದು ಅವರ ಮೈಯೇ ತಾನೇ ಎಂದು ಜನ ಆಡಿಕೊಂಡರು. ಸೋಮವಾರದಿಂದ ಸಂತೆಗೆ ಬರಕೂಡದೆಂದು ಹೇಳಿಯೂ ಆಯಿತು.

ಶನಿವಾರ ಮನಸ್ಸು ತಡೆಯದೆ ಅವರ ಅಂಗಳಕ್ಕೆ ಹೋದೆ. ಬೈಸಿಕೊಳ್ಳಲೆಂದೇ ಹೋಗಿದ್ದೆ ಅನ್ನಿ. ಅವರು ಬೈಯಲಿಲ್ಲ, ಸಾಲಾಗಿ ತೋಡಿದ ಮೂರು ಗುಂಡಿಗಳ ಬಳಿ ಕರೆದೊಯ್ದರು. ನೀರಲ್ಲಿ ಕದಡಿದ ಮಣ್ಣನ್ನು ಮೊದಲ ಗುಂಡಿಗೆ ಸುರಿದರೆ ಮರಳು ಅಲ್ಲೇ ನಿಲ್ಲುತ್ತದೆ. ರಾಡಿ ಮುಂದಕ್ಕೆ ಹರಿದು, ಕೊನೆಯ ಗುಂಡಿಯಲ್ಲಿ ಬೆಣ್ಣೆಯಂಥ ಮಣ್ಣು ಕೂರುತ್ತದೆ.

"ಮೊದಲನೇದ್ರಲ್ಲಿ ದಿನವೆಲ್ಲ ಕೈ ಇಟ್ರೂ ಏನೂ ಆಗಲ್ಲ ಕಣಮ್ಮ. ಈ ಕೊನೇದ್ರಲ್ಲೇ ಉರಿಯೋದು," ಎಂದರು.

ಅದೇ ಕೆರೆ, ಅದೇ ನೀರು, ಹೀಗೇಕೆ ಎಂದು ಕೇಳಿದೆ.

"ಎಣ್ಣೆ ಚೆಲ್ಲಿದ್ರೆ ನೀವು ಮರಳು ಹಾಕಿ ಒರೆಸ್ತೀರೋ, ನುಣ್ಣನೆ ಮಣ್ಣು ಹಾಕ್ತೀರೋ? ನುಣ್ಣನೆ ಮಣ್ಣೇ ಅಲ್ವಾ ಜಿಡ್ಡು ಹಿಡ್ಕೊಳ್ಳೋದು."

ಆ ನುಣ್ಣನೆ ಮಣ್ಣನ್ನೇ ಅಲ್ಲವೇ ನಾನು ಸೋಸಿ ಸೋಸಿ ಬುಟ್ಟಿಗೆ ಎಸೆದದ್ದು! ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಸಂತೋಷವೋ ನಾಚಿಕೆಯೋ ತಿಳಿಯದೆ ದಾರಿಯುದ್ದಕ್ಕೂ ನಗು ಬರುತ್ತಿತ್ತು.

ಪುಣ್ಯಕ್ಕೆ ಬುಟ್ಟಿ ಇನ್ನೂ ಖಾಲಿಯಾಗಿರಲಿಲ್ಲ. ಕಾಗದಗಳಿಗೆ ಅಂಟಿದ ಕೆಸರನ್ನು ಕೆರೆದು, ಜಿಡ್ಡು ಕರಗಿಸುವ ಈಥರಿನಲ್ಲಿ ಕುಲುಕಿ, ಬಟ್ಟಲಿಗೆ ಬಗ್ಗಿಸಿ ಆರಲು ಬಿಟ್ಟೆ. ಕಾಯುವ ಆ ಹೊತ್ತಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೊನೆಗೆ ಬಟ್ಟಲಿನ ಅಂಚಿಗೆ ಕಂದು ಜಿಡ್ಡು ಕಟ್ಟಿತು. ನಮ್ಮ ಹಿರಿಯ ಅಧಿಕಾರಿ ಪದ್ಮರಾಜಯ್ಯನವರು ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. ಡಾಂಬರೆಣ್ಣೆ. ಕೆರೆಯ ಮೇಲ್ಭಾಗದಲ್ಲಿ, ಗೆದ್ದಲು ಹಿಡಿಯದಿರಲೆಂದು ಮರದ ಕಂಬಗಳನ್ನು ಆ ಎಣ್ಣೆಯಲ್ಲಿ ಅದ್ದುವ ಅಂಗಳವೊಂದಿತ್ತು. ತಿಳಿನೀರಿನಲ್ಲಿ ಸುಳಿವೇ ಕೊಡದ ಎಣ್ಣೆ ಕೆಸರಿನ ಕಣಕಣಕ್ಕೂ ಅಂಟಿ ಕೂತಿತ್ತು. ಮಳೆ ಬಂದು ಕೆರೆ ಕದಡಿದರೆ ಊರೆಲ್ಲ ಅದನ್ನೇ ಕುಡಿಯಬೇಕಿತ್ತು.

"ಹಿಂದಿನ ಎರಡು ವರದಿಗೂ ನಿಮ್ಮದೇ ಸಹಿ ಇದೆ," ಎಂದರು ಪದ್ಮರಾಜಯ್ಯ. "ಇದನ್ನು ಬರೆದರೆ ನಿಮ್ಮ ಕೆಲಸ ಖಾಯಂ ಆಗದಿರಬಹುದು."

ಬರೆದೆ. ಹಿಂದಿನ ಎರಡೂ ತಪ್ಪು, ತಪ್ಪು ನನ್ನದು ಎಂದೂ ಸೇರಿಸಿದೆ. ಅವರು ಕೆಳಗೆ ಮೊಹರು ಒತ್ತಿದರು. ಸೋಮವಾರ ಸಂತೆಯಲ್ಲಿ ಪುಟ್ಟೀರಮ್ಮನ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಓದಿದೆ. ಅಷ್ಟು ಖುಷಿಯಿಂದ ನಾನು ಮತ್ತೆಂದೂ ಏನನ್ನೂ ಓದಿಲ್ಲ. ಓದಿ ಮುಗಿಸಿದ ಮೇಲೂ ಯಾರೂ ಮುಂದೆ ಬರಲಿಲ್ಲ. ಆಮೇಲೆ ಮುದುಕಿಯೊಬ್ಬಳು ಬಂದು, ಮಡಕೆಯೊಂದನ್ನು ಬೆರಳಿಂದ ತಟ್ಟಿ ನೋಡಿ, ಕಂಕುಳಲ್ಲಿಟ್ಟುಕೊಂಡು ಹೋದಳು.

ಕಂಬದ ಅಂಗಳ ಮುಚ್ಚಿತು, ಊರಿಗೆ ಬೇರೆ ಕಡೆಯಿಂದ ನೀರು ಬಂತು. ನನ್ನ ಕೆಲಸ ಖಾಯಂ ಆಗಲು ಇನ್ನೂ ಎರಡು ವರ್ಷ ಹಿಡಿಯಿತು.

ಮಳೆಗಾಲ ಕಳೆದ ಮೇಲೆ ಪುಟ್ಟೀರಮ್ಮ ಹೊಸದಾಗಿ ಮಣ್ಣು ತೆಗೆಯಲಿದ್ದ ಇನ್ನೊಂದು ಕೆರೆಯ ನೀರನ್ನು ಸೀಸೆಯಲ್ಲಿ ತಂದರು. ಮೇಜಿನ ಮೇಲೆ ಅದು ತಿಳಿಯಾಗಿ ಹೊಳೆಯುತ್ತಿತ್ತು. ನಾನು ಕೈ ಚಾಚುವ ಮೊದಲೇ ಅವರು ಅದನ್ನೆತ್ತಿ, ಗಾಯ ಮಾಗಿದ ಅಂಗೈಯಲ್ಲಿ ಹಿಡಿದು, ಬುಡದ ಕೆಸರೆಲ್ಲ ಮೇಲೇಳುವಂತೆ ಚೆನ್ನಾಗಿ ಕುಲುಕಿ ನನ್ನ ಕೈಗಿತ್ತರು.